ತಗ್ಗಿನ ಸೀಟಿನಿಂದ ಎತ್ತರದ ಸೀಟಿಗೆ

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕುಗಳು ಹತ್ತುವಂತಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಉದ್ಘಾಟನೆಯಾದ ರಸ್ತೆ ಅದು. ಐದು ತಿಂಗಳು ತುಂಬುವ ಮೊದಲೇ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆಲ್ಲ ಪಕ್ಕದ ಸರ್ವಿಸ್ ರಸ್ತೆಯ ದಾರಿ ತೋರಿಸಲಾಯಿತು. ಅಲ್ಲಿ ಆಗುತ್ತಿದ್ದ ಸಾವುಗಳನ್ನು ನೋಡಿದವರು ಆ ತೀರ್ಮಾನದ ಜೊತೆ ಜಗಳವಾಡುವುದು ಕಷ್ಟ. ನನಗೆ ಕುತೂಹಲ ಹುಟ್ಟಿಸಿದ್ದು ಅದರ ಇನ್ನೊಂದು ಪರಿಣಾಮ. ನೇರ ರಸ್ತೆಯಲ್ಲಿ ತೊಂಬತ್ತರ ವೇಗದಲ್ಲಿ ಹಾಯಾಗಿ ಹೋಗಲೆಂದೇ ಹುಟ್ಟಿದ ಬೈಕುಗಳು ಇದ್ದಕ್ಕಿದ್ದಂತೆ ಬಿಡದಿ, ಚನ್ನಪಟ್ಟಣ, ಮದ್ದೂರುಗಳ ಹಂಪುಗಳ ಮೇಲೆ ಹೊಟ್ಟೆ ಉಜ್ಜಿಸಿಕೊಳ್ಳತೊಡಗಿದವು.

ಕ್ರೂಸರ್ ಎಂದು ನಾವು ಕರೆಯುವ ತಗ್ಗು ಸೀಟಿನ, ಉದ್ದ ಮೈಯ, ಕಾಲು ಮುಂದೆ ಚಾಚಿ ಕೂರುವ ಟೂರಿಂಗ್ ಬೈಕನ್ನು ಕೊಟ್ಟು ಬೇರೆ ಜಾತಿಯದನ್ನು, ಹೆಚ್ಚಾಗಿ ಎತ್ತರದ ಅಡ್ವೆಂಚರ್ ಬೈಕನ್ನು ತರುವವರು ನನ್ನ ಪರಿಚಯದವರಲ್ಲೇ ಹೆಚ್ಚುತ್ತಿದ್ದಾರೆ. ಕಾರಣ ಕೇಳಿದರೆ ಯೂಟ್ಯೂಬಿನಲ್ಲಿ ನೋಡಿದ ಲಡಾಖಿನ ವಿಡಿಯೊ ತೋರಿಸುತ್ತಾರೆ. ಆದರೆ ನಿಜವಾದ ಕಾರಣ ಲಡಾಖಿನಲ್ಲಿಲ್ಲ, ಸಕಲೇಶಪುರದಿಂದ ಮಾರನಹಳ್ಳಿಗೆ ಇಳಿಯುವ ಮಳೆಗಾಲದ ರಸ್ತೆಯಲ್ಲಿದೆ ಎಂದು ನನ್ನ ವಾದ. ಅಲ್ಲಿಗೆ ಹೋಗುವ ಮುನ್ನ ಸ್ವಲ್ಪ ಹಿಂದಕ್ಕೆ ಹೋಗೋಣ.

ನಮ್ಮಲ್ಲಿ ಕ್ರೂಸರ್ ಎಂಬ ಆಕಾರ ಜನರ ಕಣ್ಣಿಗೆ ಬಿದ್ದದ್ದು ಇಪ್ಪತ್ತೊಂದನೇ ಶತಮಾನದ ಬಾಗಿಲಲ್ಲಿ. 2001ರಲ್ಲಿ ಬಜಾಜ್ ಕಂಪನಿ ಕವಾಸಾಕಿಯ ಹೆಸರಿನ ಜೊತೆ 175 ಸಿಸಿಯ ಎಲಿಮಿನೇಟರ್ ತಂದಿತು. ಮರುವರ್ಷ ರಾಯಲ್ ಎನ್‌ಫೀಲ್ಡಿನ ಥಂಡರ್‌ಬರ್ಡ್ ಬಂತು. ಎಲಿಮಿನೇಟರಿನ ಅಚ್ಚಿನಲ್ಲೇ ತಯಾರಾದ ಅವೆಂಜರ್ 2005ರಲ್ಲಿ ಬಂದು ಬೆಲೆಯನ್ನು ಸಾಮಾನ್ಯರ ಕೈಗೆಟುಕುವಲ್ಲಿಗೆ ಇಳಿಸಿತು. ಅದೇ ಕಾಲದಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. 1999ರಲ್ಲಿ ಶಂಕುಸ್ಥಾಪನೆಯಾದ ಸುವರ್ಣ ಚತುಷ್ಪಥ ಯೋಜನೆ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳನ್ನು ಹಾಯ್ದು ಬೆಂಗಳೂರಿಗೆ ನಾಲ್ಕು ಪಥದ ರಸ್ತೆ ಹಾಸುತ್ತಿತ್ತು. ಒಂದಕ್ಕಾಗಿ ಇನ್ನೊಂದು ಹುಟ್ಟಿತು ಎಂದು ಹೇಳಲಾರೆ. ಆದರೆ ಊರೊಳಗೆ ನುಗ್ಗದ, ಎದುರಿನಿಂದ ಲಾರಿ ಬರದ ರಸ್ತೆ ಸಿಕ್ಕ ಮೇಲೆಯೇ ಕಾಲು ಚಾಚಿ ಓಡಿಸುವ ಬೈಕಿಗೆ ಅರ್ಥ ಬಂದದ್ದು. ಅಮೆರಿಕದಲ್ಲಿ ಹಾರ್ಲೆ ಡೇವಿಡ್‌ಸನ್ ಆ ಆಕಾರಕ್ಕೆ ಪ್ರಸಿದ್ಧವಾದದ್ದೂ ಮೈಲಿಗಟ್ಟಲೆ ನೇರ ಹೋಗುವ ರಸ್ತೆಗಳ ದೇಶ ಅದು ಎಂಬ ಕಾರಣದಿಂದಲೇ.

ಎತ್ತರದ ಬೈಕಿನ ಕುಲ ಬೇರೆ. 1980ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪನಿ ಆರ್ 80 ಜಿ/ಎಸ್ ಎಂಬ ಬೈಕು ತಂದಿತು. ಡಾಂಬರಿನಲ್ಲೂ ಓಡಬೇಕು, ಮಣ್ಣಿನಲ್ಲೂ ಓಡಬೇಕು ಎಂಬುದು ಅದರ ಸಂಕಲ್ಪ. ಮರುವರ್ಷ ಫ್ರಾನ್ಸಿನ ಹ್ಯೂಬರ್ಟ್ ಓರಿಯೊಲ್ ಆ ವಂಶದ ಬೈಕಿನಲ್ಲೇ ಪ್ಯಾರಿಸ್–ಡಕಾರ್ ರ‍್ಯಾಲಿ ಗೆದ್ದ ಮೇಲೆ ಸಂಶಯ ಪಟ್ಟವರೂ ಸುಮ್ಮನಾದರು. ಆ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ ಅವರಿಗೆ 36ನೇ ಸ್ಥಾನ ಬಂತು. ನಮ್ಮ ಮಾರುಕಟ್ಟೆಗೆ ಈ ಕುಲ ನಿಜವಾಗಿ ಇಳಿದದ್ದು ರಾಯಲ್ ಎನ್‌ಫೀಲ್ಡಿನ 2016ರ ಹಿಮಾಲಯನ್‌ನಿಂದ. ಅದಕ್ಕೂ ಮೊದಲು, 2011ರಲ್ಲಿ, ಹೀರೊ ಕಂಪನಿ ಇಂಪಲ್ಸ್ ಎಂಬ ಎತ್ತರದ ಬೈಕು ತಂದು ಸೋತು ಹಿಂದೆ ಸರಿದಿತ್ತು. 2019ರಲ್ಲಿ ಅದೇ ಹೀರೊ ಎಕ್ಸ್‌ಪಲ್ಸ್ 200 ತಂದಾಗ ಕಾಲ ಬದಲಾಗಿತ್ತು. 2020ರಲ್ಲಿ ಕೆಟಿಎಂನ 390 ಅಡ್ವೆಂಚರ್ ಬಂತು. 2023ರ ಕೊನೆಯಲ್ಲಿ ಹಿಮಾಲಯನ್ ಹೊಸ 452 ಸಿಸಿ ಎಂಜಿನ್‌ನೊಂದಿಗೆ ಮರುಹುಟ್ಟು ಪಡೆಯಿತು.

ಬೈಕಿನ ಜಾತಿ ಬದಲಾಗುವುದು ಎಂದರೇನು ಎಂದು ತಿಳಿಯಲು ಮೊದಲು ಎಂಜಿನ್ನನ್ನು ಮರೆಯಬೇಕು. ರಾಯಲ್ ಎನ್‌ಫೀಲ್ಡಿನ ಕ್ಲಾಸಿಕ್, ಮೀಟಿಯರ್, ಹಂಟರ್ ಮೂರಕ್ಕೂ ಇರುವುದು ಒಂದೇ 349 ಸಿಸಿ ಎಂಜಿನ್. ಆದರೂ ಮೀಟಿಯರ್ ಓಡಿಸುತ್ತಿದ್ದವರನ್ನು ಹಂಟರ್ ಮೇಲೆ ಕೂರಿಸಿದರೆ ಬೇರೆ ಕಂಪನಿಯ ಗಾಡಿ ಎನ್ನುತ್ತಾರೆ. ಮೀಟಿಯರಿನ ತೂಕ 191 ಕೆ.ಜಿ., ಹಂಟರಿನದು 181. ಎರಡು ಚಕ್ರಗಳ ನಡುವಿನ ಅಂತರ ಒಂದರಲ್ಲಿ 1400 ಮಿ.ಮೀ., ಇನ್ನೊಂದರಲ್ಲಿ 1370. ಮೀಟಿಯರಿನ ಮುಂದಿನ ಚಕ್ರ 19 ಇಂಚು, ಹಂಟರಿನದು 17. ಕಾಗದದ ಮೇಲೆ ಇವೆಲ್ಲ ಚಿಲ್ಲರೆ ವ್ಯತ್ಯಾಸಗಳು. ಗಾಂಧಿನಗರದ ಗಲ್ಲಿಯಲ್ಲಿ ತಿರುಗಿಸುವಾಗ ಗೊತ್ತಾಗುತ್ತದೆ, ಚಿಲ್ಲರೆಯಲ್ಲ ಎಂದು. ಮುಂದಿನ ಫೋರ್ಕ್ ಎಷ್ಟು ಚಾಚಿಕೊಂಡಿದೆ, ಫುಟ್‌ರೆಸ್ಟ್ ಎಲ್ಲಿದೆ, ಹ್ಯಾಂಡಲ್ ನಮ್ಮ ಎದೆಯಿಂದ ಎಷ್ಟು ದೂರ, ಸೀಟು ನೆಲದಿಂದ ಎಷ್ಟು ಮೇಲೆ. ಬೈಕಿನ ಸ್ವಭಾವ ಈ ನಾಲ್ಕರಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ. ಸಿಸಿ, ಬಿಎಚ್‌ಪಿಗಳ ಚರ್ಚೆ ಟೀ ಅಂಗಡಿಗೆ ಚೆನ್ನ.

ಇನ್ನೊಂದು ಜೋಡಿ ನೋಡಿ. ಸೂಪರ್ ಮೀಟಿಯರ್ 650 ಅಪ್ಪಟ ಕ್ರೂಸರ್. ಹಿಮಾಲಯನ್ 450 ಅಪ್ಪಟ ಎತ್ತರದ ಬೈಕು. ಚಕ್ರಗಳ ನಡುವಿನ ಅಂತರ ಒಂದರಲ್ಲಿ 1500 ಮಿ.ಮೀ., ಇನ್ನೊಂದರಲ್ಲಿ 1510. ಅಂದರೆ ಉದ್ದದಲ್ಲಿ ಎರಡೂ ಸಮ. ಆದರೆ ಸೀಟಿನ ಎತ್ತರ 740 ಮತ್ತು 825. ಹೊಟ್ಟೆಗೂ ನೆಲಕ್ಕೂ ನಡುವಿನ ಜಾಗ 135 ಮತ್ತು 230. ಹಿಂದಿನ ಚಕ್ರ ಮೇಲೆ ಕೆಳಗೆ ಆಡಲು ಸೂಪರ್ ಮೀಟಿಯರಿನಲ್ಲಿ ಇರುವ ಅವಕಾಶ 101 ಮಿ.ಮೀ., ಹಿಮಾಲಯನ್‌ನಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು, 200.

ಈ ಕೊನೆಯ ಅಂಕಿಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮ ಬೆನ್ನುಮೂಳೆಯ ಹಣೆಬರಹ ಇರುವುದು ಅಲ್ಲೇ. ಗುಂಡಿಗೆ ಚಕ್ರ ಬಿದ್ದಾಗ ಆ ಪೆಟ್ಟನ್ನು ಮೊದಲು ಟಯರ್ ತಿನ್ನುತ್ತದೆ, ಆಮೇಲೆ ಶಾಕ್ ಅಬ್ಸಾರ್ಬರ್. ಅದರ ಅವಕಾಶ ಮುಗಿದ ಮೇಲೆ ಉಳಿದದ್ದು ಸೀಟಿಗೆ ಬರುತ್ತದೆ, ಸೀಟಿನಿಂದ ನಮಗೆ. ಸೀಟು ತಗ್ಗಿರಬೇಕೆಂದರೆ ಶಾಕ್ ಅಬ್ಸಾರ್ಬರಿನ ಆಟ ಕಡಿಮೆಯಾಗಲೇಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಅದರ ಮೇಲೆ ಕ್ರೂಸರಿನಲ್ಲಿ ಕಾಲು ಮುಂದಿರುವುದರಿಂದ ಮೈಯ ಭಾರವೆಲ್ಲ ಬಾಲದ ಮೂಳೆಯ ಮೇಲೆ ಕೂತಿರುತ್ತದೆ. ಗುಂಡಿ ಕಂಡಾಗ ಸಾಮಾನ್ಯ ಬೈಕಿನವರು ಫುಟ್‌ರೆಸ್ಟ್ ಮೇಲೆ ಕಾಲೂರಿ ತುಸು ಮೇಲೇಳುತ್ತಾರೆ, ಅವರಿಗೇ ಗೊತ್ತಿಲ್ಲದಂತೆ. ಕಾಲು ಮುಂದೆ ಚಾಚಿ ಕೂತವರ ಪಾಡು ಆರಾಮಕುರ್ಚಿಯಿಂದ ಕೈ ಊರದೆ ಏಳಲು ಹೊರಟವರ ಪಾಡು. ಪೆಟ್ಟು ತಿಂದೇ ತಿನ್ನಬೇಕು.

ಎತ್ತರದ ಬೈಕಿನಲ್ಲಿ ಫುಟ್‌ರೆಸ್ಟ್ ಸೊಂಟದ ನೇರ ಕೆಳಗಿರುತ್ತದೆ. ಬೇಕೆಂದಾಗ ಎದ್ದು ನಿಂತೇ ಓಡಿಸಬಹುದು. ಆಗ ಮೊಣಕಾಲುಗಳೇ ಇನ್ನೊಂದು ಜೊತೆ ಶಾಕ್ ಅಬ್ಸಾರ್ಬರ್ ಆಗುತ್ತವೆ, ಗಾಡಿ ಕೆಳಗೆ ಕುಣಿದರೂ ತಲೆ ಅಲುಗುವುದಿಲ್ಲ. ಹಿಮಾಲಯನ್‌ನ ಮುಂದಿನ 21 ಇಂಚಿನ ಚಕ್ರವೂ ಸ್ವಲ್ಪ ನೆರವಿಗೆ ಬರುತ್ತದೆ. ಚಕ್ರ ದೊಡ್ಡದಾದಷ್ಟೂ ಗುಂಡಿಯೊಳಗೆ ಇಳಿಯುವುದು ಕಡಿಮೆ, ಗುಂಡಿಯ ಅಂಚನ್ನು ಹತ್ತುವುದು ಸಲೀಸು.

ಎತ್ತರದ ಬೈಕು ಕೊಂಡವರನ್ನು ಗೇಲಿ ಮಾಡುವವರಿದ್ದಾರೆ. ಇಷ್ಟು ದುಡ್ಡು ಸುರಿದು ಕಾಡು ಮೇಡು ಹತ್ತುವ ಗಾಡಿ ತಂದ, ಆದರೆ ಹೋಗುವುದು ಆಫೀಸಿಗೆ ಎನ್ನುತ್ತಾರೆ. ನನಗೆ ಈ ಗೇಲಿ ಒಪ್ಪಿಗೆಯಿಲ್ಲ. ಮಣ್ಣಿಗೆ ಇಳಿಯದಿದ್ದರೆ ತಪ್ಪೇನು? ನಮ್ಮ ಡಾಂಬರು ರಸ್ತೆಯೇ ಜುಲೈ ಕಳೆಯುವಷ್ಟರಲ್ಲಿ ಮಣ್ಣಿನ ರಸ್ತೆಯಾಗಿರುತ್ತದೆ. ಸಕಲೇಶಪುರ–ಮಾರನಹಳ್ಳಿ ಹಾದಿಯ ಶಿರಾಡಿ ಘಾಟಿಯ ಕಾಮಗಾರಿ, ಭೂಕುಸಿತಕ್ಕೆ ಆಗಾಗ ಬಾಗಿಲು ಹಾಕುವ ಚಾರ್ಮಾಡಿ, ಊರಿನವರೇ ರಾತ್ರೋರಾತ್ರಿ ಕಟ್ಟಿ, ಬಣ್ಣವನ್ನೂ ಬಳಿಯದೆ ಬಿಟ್ಟ ಹಂಪುಗಳು. ಈ ರಸ್ತೆಗಳಿಗೆ 200 ಮಿ.ಮೀ. ಆಟವಿರುವ ಶಾಕ್ ಅಬ್ಸಾರ್ಬರ್ ಶೋಕಿಯಲ್ಲ. ಕಾಡಿನೊಳಗೆ, ಹುಲ್ಲುಗಾವಲಿನ ಗುಡ್ಡಗಳ ಮೇಲೆ ಟಯರಿನ ಗೆರೆ ಎಳೆದು ಬರುವವರಿಗಿಂತ ಆಫೀಸಿಗೆ ಹೋಗುವವರೇ ವಾಸಿ.

ಆದರೆ ಎತ್ತರ ಪುಕ್ಕಟೆ ಬರುವುದಿಲ್ಲ. 740ಕ್ಕೂ 825ಕ್ಕೂ ನಡುವಿನ ವ್ಯತ್ಯಾಸ ನಾಲ್ಕು ಬೆರಳಿಗಿಂತ ತುಸು ಹೆಚ್ಚು. ಐದೂವರೆ ಅಡಿ ಎತ್ತರದವರಿಗೆ ಅಷ್ಟರಲ್ಲಿ ಅಂಗಾಲು ಹೋಗಿ ಬರಿಯ ಕಾಲ್ಬೆರಳು ಉಳಿಯುತ್ತದೆ. ಕ್ರೂಸರಿನಲ್ಲಿ ಎರಡೂ ಪಾದ ನೆಲಕ್ಕೂರಿ, ಸಿಗ್ನಲ್ಲಿನಲ್ಲಿ ಗಾಡಿಯನ್ನು ತೊಡೆಯ ನಡುವೆ ಇಟ್ಟುಕೊಂಡು ಫೋನ್ ನೋಡುತ್ತಿದ್ದವರು ಈಗ ಒಂದು ಕಾಲೂರಿ, ಇನ್ನೊಂದನ್ನು ಬ್ರೇಕಿನ ಮೇಲಿಟ್ಟು ನಿಲ್ಲಲು ಕಲಿಯಬೇಕು. ತೂಕದ ಲೆಕ್ಕ ನೋಡಿ ಮೋಸ ಹೋಗುವವರೂ ಇದ್ದಾರೆ. ಸೂಪರ್ ಮೀಟಿಯರ್ 241 ಕೆ.ಜಿ., ಹಿಮಾಲಯನ್ 196. ನಲವತ್ತೈದು ಕೆ.ಜಿ. ಕಡಿಮೆ, ಆದ್ದರಿಂದ ಹಗುರ ಎಂದು ತಿಳಿಯುತ್ತಾರೆ. ಓಡುವಾಗ ಹಗುರವೇ ಹೌದು. ನಿಂತಾಗ ಮಾತು ಬೇರೆ. 241 ಕೆ.ಜಿ. ಮೊಣಕಾಲಿನ ಕೆಳಗೆ ಮಲಗಿದ್ದರೆ, 196 ಕೆ.ಜಿ. ಸೊಂಟದ ಹತ್ತಿರ ನಿಂತಿದೆ. ಮೊದಲನೆಯದು ವಾಲಿದರೆ ತೊಡೆ ತಡೆಯುತ್ತದೆ. ಎರಡನೆಯದು ಒಂದು ಮಿತಿ ದಾಟಿ ವಾಲಿತೋ, ಪೈಲ್ವಾನನೂ ಹಿಡಿಯಲಾರ. ಎತ್ತರದ ಬೈಕುಗಳು ಬೀಳುವುದು ಹೆಚ್ಚಾಗಿ ಬೆಟ್ಟದಲ್ಲಲ್ಲ. ಪೆಟ್ರೋಲ್ ಬಂಕಿನಲ್ಲಿ, ಇಳಿಜಾರಾದ ಮನೆಯಂಗಳದಲ್ಲಿ, ಪಾರ್ಕಿಂಗಿನಿಂದ ಹಿಂದಕ್ಕೆ ತಳ್ಳುವಾಗ.

ಆದ್ದರಿಂದ ಶೋರೂಮಿನ ನುಣುಪಾದ ಟೈಲ್ಸ್ ಮೇಲೆ ಚಪ್ಪಲಿ ಹಾಕಿಕೊಂಡು ಕೂತು ನೋಡಿ ತೀರ್ಮಾನಿಸುವುದು ದಡ್ಡತನ. ರೈಡಿಗೆ ಹಾಕುವ ಬೂಟು ಹಾಕಿಕೊಂಡು ಹೋಗಬೇಕು. ಟೆಸ್ಟ್ ರೈಡಿನಲ್ಲಿ ಒಂದು ಇಳಿಜಾರು ಹುಡುಕಿ ಗಾಡಿ ನಿಲ್ಲಿಸಿ, ಇಳಿದು, ಹಿಂದಕ್ಕೆ ತಳ್ಳಿ ನೋಡಬೇಕು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಸಿಗ್ನಲ್ಲಿನಲ್ಲಿ ನಿಂತು ನೋಡಬೇಕು. ಕಲಿಯುವ ಮನಸ್ಸಿದ್ದವರಿಗೆ ಡಕಾರ್ ಪೂರೈಸಿದ ಆ ಸಂತೋಷ್ ಅವರೇ ಕೋಲಾರದ ಬಳಿ ಕಟ್ಟಿದ ಬಿಗ್ ರಾಕ್ ತರಬೇತಿ ಕೇಂದ್ರವಿದೆ. ಬಿದ್ದ ಬೈಕನ್ನು ಬೆನ್ನು ಉಳುಕಿಸಿಕೊಳ್ಳದೆ ಎತ್ತುವುದನ್ನು ಇಂಥ ಕಡೆ ಮೊದಲ ಪಾಠವಾಗಿ ಕಲಿಯುವುದು ಒಳ್ಳೆಯದು. ಒಂದಲ್ಲ ಒಂದು ದಿನ ಬೇಕಾಗಿಯೇ ಬೇಕಾಗುತ್ತದೆ.

ಹಿಂದಿನ ಸೀಟಿನವರನ್ನು ಕೇಳದೆ ಬೈಕು ಬದಲಿಸಿದವರ ಸಂಸಾರದ ಕತೆಗಳು ನನ್ನ ಬಳಿ ಬೇಕಾದಷ್ಟಿವೆ, ಹೇಳುವಂತಿಲ್ಲ. ಕ್ರೂಸರಿನ ಹಿಂದಿನ ಸೀಟು ಅಗಲ, ಒರಗಲು ದಿಂಬಿನಂಥದ್ದೊಂದು ಇರುತ್ತದೆ, ಹತ್ತಿ ಇಳಿಯುವುದು ಸುಲಭ. ಎತ್ತರದ ಬೈಕನ್ನು ಸೀರೆಯುಟ್ಟವರು ಏರುವುದು ಒಂದು ಸಾಹಸ. ಒಂದು ಪಕ್ಕಕ್ಕೆ ಕೂರುವುದಂತೂ ಅಪಾಯವೇ ಸರಿ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹಿಂದೆ ಕೂರುವವರಿಗೆ ಹಿಡಿಕೆ, ಫುಟ್‌ರೆಸ್ಟ್, ಬಟ್ಟೆ ಸಿಕ್ಕಿಕೊಳ್ಳದಂತೆ ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ಗಾರ್ಡ್ ಇರಲೇಬೇಕು ಎನ್ನುತ್ತದೆ. ಆದರೆ ಲಗೇಜ್ ಪೆಟ್ಟಿಗೆ ಕಟ್ಟಲು ಸ್ಟ್ಯಾಂಡ್ ಹಾಕಿಸುವವರು ಮೊದಲು ಕಿತ್ತೆಸೆಯುವುದು ಆ ಸೀರೆ ಗಾರ್ಡನ್ನೇ. ಮನೆಯವರು ಜೊತೆ ಬರುವವರಾಗಿದ್ದರೆ ಟೆಸ್ಟ್ ರೈಡಿಗೆ ಅವರನ್ನೂ ಕರೆದುಕೊಂಡು ಹೋಗಿ, ಅವರ ಮಾತಿಗೆ ಅರ್ಧ ಮತ ಕೊಡಿ. ಪೂರ್ತಿ ಕೊಟ್ಟರೆ ಬೈಕೇ ಬೇಡ, ಕಾರು ತನ್ನಿ ಎನ್ನುವ ಅಪಾಯವಿದೆ.

ಕ್ರೂಸರ್ ಬಿಟ್ಟುಕೊಟ್ಟವರು ಕಳೆದುಕೊಳ್ಳುವುದು ಏನೆಂದು ಹೇಳದಿದ್ದರೆ ಮಾತು ಏಕಪಕ್ಷೀಯವಾಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಅಲಂಕಾರಕ್ಕಲ್ಲ. ಆ ಹಾದಿಯಲ್ಲಿ ಅಡ್ಡಗಾಳಿ ಬೀಸಿದಾಗ ತಗ್ಗಿನ ಭಾರದ ಬೈಕು ಗೆರೆ ಬಿಡುವುದಿಲ್ಲ. ಎತ್ತರದ ಬೈಕು, ಅದರಲ್ಲೂ ಪಕ್ಕಕ್ಕೆರಡು ಪೆಟ್ಟಿಗೆ ಕಟ್ಟಿದ್ದರೆ, ಲಾರಿಯ ಮರೆಯಿಂದ ಹೊರಬಂದ ಕ್ಷಣ ಪಕ್ಕಕ್ಕೆ ಸರಿಯುತ್ತದೆ. ಚಾಚಿಕೊಂಡ ಫೋರ್ಕಿನ ಗುಣವೇ ಅದು: ತಿರುಗಲು ಸೋಮಾರಿ, ನೇರ ಹೋಗಲು ನಂಬಿಗಸ್ತ. ಹಾವೇರಿಯಿಂದ ತುಮಕೂರಿನವರೆಗೆ ಒಂದೇ ಲಯದಲ್ಲಿ ಬರುವವರಿಗೆ ಅದಕ್ಕಿಂತ ಒಳ್ಳೆಯ ಆಕಾರ ಇನ್ನೂ ಹುಟ್ಟಿಲ್ಲ. ಆಗುಂಬೆಯ ತಿರುವುಗಳಲ್ಲಿ ಅದೇ ಗುಣ ಶಾಪವಾಗುತ್ತದೆ ಎಂಬುದೂ ನಿಜ.

ಎಂಜಿನ್ನಿನ ಲಯವೂ ಬೇರೆ. ಮೀಟಿಯರ್ 350 ತನ್ನ ಪೂರ್ತಿ ಎಳೆತವನ್ನು, 27 ನ್ಯೂಟನ್ ಮೀಟರ್, 4000 ಆರ್‌ಪಿಎಂನಲ್ಲೇ ಕೊಟ್ಟುಬಿಡುತ್ತದೆ. ಹಿಮಾಲಯನ್ 450ಯ ಎಳೆತ 40, ಆದರೆ ಅದು ಸಿಗುವುದು 5500ರಲ್ಲಿ. ಅದರ 40 ಪಿಎಸ್ ಶಕ್ತಿ ಪೂರ್ತಿ ಬರುವುದು 8000ದಲ್ಲಿ. ಅಂಕಿಗಳಲ್ಲಿ ಹಿಮಾಲಯನ್ ಗೆದ್ದಿತು. ಆದರೆ ನಾಲ್ಕನೇ ಗೇರಿನಲ್ಲಿ ಡಬಡಬ ಎನ್ನುತ್ತ ಹಂಪ್ ಹತ್ತಿ ಇಳಿದು, ಗೇರ್ ಬದಲಿಸದೆ ಹೋಗುತ್ತಿದ್ದ ಬುಲೆಟ್ ಮನೆತನದವರಿಗೆ ಇದು ಮೊದಲ ವಾರ ತಲೆಕೆಡಿಸುತ್ತದೆ. ಮೂರು ಸಾವಿರದ ಕೆಳಗೆ ಗಾಡಿ ಎಳೆಯುವುದೇ ಇಲ್ಲ ಎಂದು ಸರ್ವಿಸ್ ಸೆಂಟರಿಗೆ ಹೋಗಿ ದೂರುತ್ತಾರೆ. ಗಾಡಿಗೆ ಏನೂ ಆಗಿಲ್ಲ. ಎಡಗಾಲು ಹೆಚ್ಚು ಕೆಲಸ ಮಾಡಬೇಕು, ಅಷ್ಟೆ. ಸದ್ದು ಮಾತ್ರ ಹೋದದ್ದು ಹೋಯಿತು. ಅದನ್ನು ಯಾವ ಸೈಲೆನ್ಸರೂ ವಾಪಸು ತರಲಾರದು.

ಬದಲಿಸಲೇಬೇಕೇ? ನಡು ನೋವಿನವರು, ಐವತ್ತು ದಾಟಿದವರು ಈ ಪ್ರಶ್ನೆ ಕೇಳಿದರೆ ನಾನು ಮೊದಲು ಹೇಳುವುದು ಬೈಕನ್ನಲ್ಲ, ಸೀಟನ್ನು ಬದಲಿಸಿ ನೋಡಿ ಎಂದು. ಕಂಪನಿಯ ಮೆತ್ತನೆಯ ಫೋಮು ಒಂದು ಗಂಟೆಯ ಸವಾರಿಗೆ ಹಿತ, ಮೂರು ಗಂಟೆಗೆ ಕಲ್ಲು. ಜೆ.ಸಿ. ರಸ್ತೆಯಲ್ಲಿ ಸೀಟು ಹೊಲಿಯುವವರು ನಿಮ್ಮನ್ನು ಕೂರಿಸಿ ನೋಡಿ ಗಟ್ಟಿ ಫೋಮು ಹಾಕಿಕೊಡುತ್ತಾರೆ. ಹ್ಯಾಂಡಲ್ ಒಂದಿಂಚು ಹತ್ತಿರ ಬರಿಸುವ ತುಂಡು ಸಿಗುತ್ತದೆ. ಒಳ್ಳೆಯ ಶಾಕ್ ಅಬ್ಸಾರ್ಬರ್ ಜೋಡಿ ಹಾಕಿಸಿದರೂ ಬೈಕು ಬದಲಿಸುವ ನಷ್ಟದ ಕಾಲು ಭಾಗಕ್ಕೆ ಕೆಲಸ ಮುಗಿಯಬಹುದು. ಇದೆಲ್ಲ ಮಾಡಿಯೂ ಸರಿಹೋಗದಿದ್ದರೆ ತೊಂದರೆ ಬೈಕಿನ ಆಕಾರದಲ್ಲೇ ಇದೆ ಎಂದರ್ಥ. ಆಗ ಎತ್ತರದ್ದೇ ಬೇಕೆಂದೂ ಇಲ್ಲ. ನೆಟ್ಟಗೆ ಕೂರಿಸುವ, ಫುಟ್‌ರೆಸ್ಟ್ ಸೊಂಟದ ಕೆಳಗಿರುವ ಸಾಮಾನ್ಯ ಆಕಾರದ ಬೈಕೇ ಬಹಳ ಜನರ ರೋಗಕ್ಕೆ ಮದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೆ ಮಾಡುತ್ತಿದ್ದ ಯೆಜ್ಡಿಗಳ ಆಕಾರ ಅದೇ. ಅದರ ಮೇಲೆಯೇ ನಮ್ಮ ಹಿಂದಿನ ತಲೆಮಾರು ಹೆಂಡತಿ, ಎರಡು ಮಕ್ಕಳು, ಟ್ರಂಕಿನ ಸಮೇತ ಧರ್ಮಸ್ಥಳಕ್ಕೆ ಹೋಗಿ ಬಂತು.

ಇನ್ನು ದುಡ್ಡಿನ ವಿಚಾರ. 2025ರ ಸೆಪ್ಟೆಂಬರ್ 22ರಿಂದ ಲೆಕ್ಕವೇ ತಿರುಗಿದೆ. 350 ಸಿಸಿವರೆಗಿನ ಬೈಕಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. 350 ದಾಟಿದವಕ್ಕೆ ಮೊದಲು ಶೇ 28ರ ಮೇಲೆ ಸೆಸ್ 3 ಸೇರಿ 31 ಇದ್ದದ್ದು 40ಕ್ಕೆ ಏರಿತು. ತೆರಿಗೆಗೆ ಮುನ್ನ 1.6 ಲಕ್ಷವಿರುವ 349 ಸಿಸಿ ಬೈಕನ್ನು ತೆಗೆದುಕೊಳ್ಳಿ. ಅದರ ಮೇಲಿನ ಜಿಎಸ್‌ಟಿ 44,800 ರೂಪಾಯಿಯಿಂದ 28,800ಕ್ಕೆ ಬಂತು. ತೆರಿಗೆಗೆ ಮುನ್ನ 2 ಲಕ್ಷವಿರುವ 450 ಸಿಸಿ ಬೈಕಿನ ಮೇಲೆ 62,000 ಇದ್ದದ್ದು 80,000 ಆಯಿತು. ಈಗ 350ಯ ಕ್ರೂಸರ್ ಕೊಟ್ಟು 450ಯ ಅಡ್ವೆಂಚರ್ ತರುವವರ ಸ್ಥಿತಿ ನೋಡಿ. ಹೊಸ ಗಾಡಿ ದುಬಾರಿಯಾಯಿತು. ಹಳೆಯದಕ್ಕೂ ಪೆಟ್ಟು, ಏಕೆಂದರೆ ಅದರ ಹೊಸ ಪ್ರತಿಯೇ ಅಗ್ಗವಾದಾಗ ಸೆಕೆಂಡ್ ಹ್ಯಾಂಡಿಗೆ ಮೊದಲಿನ ಬೆಲೆ ಯಾರು ಕೊಡುತ್ತಾರೆ? ಎರಡು ಕಡೆಯಿಂದಲೂ ನಷ್ಟ. 650ರ ಕ್ರೂಸರ್ ಕೊಟ್ಟು 350ರ ಸಾದಾ ಬೈಕಿಗೆ ಇಳಿಯುವವರ ಗ್ರಹಗತಿ ಇದಕ್ಕೆ ತದ್ವಿರುದ್ಧ. ಹೊಸ 650 ದುಬಾರಿಯಾದ್ದರಿಂದ ಅವರ ಹಳೆಯದು ಬೆಲೆ ಉಳಿಸಿಕೊಂಡಿದೆ, ತರುವುದು ಅಗ್ಗವಾಗಿದೆ. ಇದರ ಮೇಲೆ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್ ಬೇರೆ. ಕರ್ನಾಟಕದ್ದು ದೇಶದ ದುಬಾರಿ ದರಗಳ ಸಾಲಿಗೆ ಸೇರಿದ್ದು. ಹಳೆಯ ಗಾಡಿಯ ಮೇಲೆ ಕಟ್ಟಿದ ಆ ತೆರಿಗೆ ಮಾರುವಾಗ ವಾಪಸು ಬರುವುದಿಲ್ಲ, ಹೊಸದಕ್ಕೆ ಮೊದಲಿನಿಂದ ಕಟ್ಟಬೇಕು. ಬೇಗ ಬೇಗ ಬೈಕು ಬದಲಿಸುವವರ ದುಡ್ಡು ಸೋರುವ ದೊಡ್ಡ ತೂತು ಇದೇ.

ಶೋರೂಮಿಗೆ ಹೋದರೆ, “ಸಾರ್, ನಿಮ್ಮ ಗಾಡಿಗೆ ಒಂದು ಹತ್ತು ಹಾಕ್ತೀವಿ, ಮೇಲೆ ಎಕ್ಸ್‌ಚೇಂಜ್ ಬೋನಸ್ ಇದೆ, ನೀವು ಕಟ್ಟೋದು ಇಷ್ಟೇ” ಎಂದು ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸುತ್ತಾರೆ. ಆ ‘ಇಷ್ಟೇ’ಯಲ್ಲಿ ಎರಡು ವ್ಯಾಪಾರ ಕಲಸಿಹೋಗಿವೆ. ನೀವು ಮಾರುವುದು ಒಂದು, ಕೊಳ್ಳುವುದು ಇನ್ನೊಂದು. ಹಳೆಯದಕ್ಕೆ ಐದು ಸಾವಿರ ಹೆಚ್ಚು ಕೊಟ್ಟಂತೆ ತೋರಿಸಿ ಹೊಸದರ ರಿಯಾಯಿತಿಯಲ್ಲಿ ಅದನ್ನು ವಾಪಸು ಪಡೆಯುವುದು ಕಷ್ಟದ ವಿದ್ಯೆಯೇನಲ್ಲ. ಆದ್ದರಿಂದ ಹಳೆಯ ಗಾಡಿ ಇದೆ ಎಂದೇ ಹೇಳದೆ ಮೊದಲು ಹೊಸದರ ಆನ್‌ರೋಡ್ ಬೆಲೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅಗತ್ಯವಿಲ್ಲದ ಆ್ಯಕ್ಸೆಸರೀಸ್, ಪಾಲಿಷ್, ‘ಹ್ಯಾಂಡ್ಲಿಂಗ್’ ಎಂಬ ಬಾಬತ್ತುಗಳನ್ನು ಹೊಡೆಸಿಹಾಕಿ. ಆಮೇಲೆ ಹಳೆಯದಕ್ಕೆ ಬೆಲೆ ಕೇಳಿ. ನೇರ ಗಿರಾಕಿಗೆ ಮಾರಿದರೆ ಸಾಮಾನ್ಯವಾಗಿ ಹೆಚ್ಚೇ ಸಿಗುತ್ತದೆ. ವ್ಯಾಪಾರಿಗೆ ಅವನ ಲಾಭವಿದೆ, ರಿಪೇರಿ ಖರ್ಚಿದೆ, ಲಾಭಾಂಶದ ಮೇಲೆ ಜಿಎಸ್‌ಟಿಯೂ ಇದೆ. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಅದನ್ನು ಶೇ 12ರಿಂದ 18ಕ್ಕೆ ಏರಿಸುವ ತೀರ್ಮಾನ ಮಾಡಿತು. ಗಿರಾಕಿಗಳ ಕಾಟ ತಡೆಯುವ ತಾಳ್ಮೆ ಇಲ್ಲದವರು ಎಕ್ಸ್‌ಚೇಂಜ್ ಮಾಡಿದರೆ ಅದೂ ತಪ್ಪಲ್ಲ. ಆ ವ್ಯತ್ಯಾಸ ನೆಮ್ಮದಿಗೆ ಕೊಟ್ಟ ಬೆಲೆ.

ಸಾವಿರಾರು ರೂಪಾಯಿ ಸುರಿದು ಹಾಕಿಸಿದ ಪೆಟ್ಟಿಗೆಗಳು, ವಿಂಡ್‌ಶೀಲ್ಡ್, ಹೆಚ್ಚುವರಿ ದೀಪಗಳಿಗೆ ವ್ಯಾಪಾರಿ ಚಿಕ್ಕಾಸೂ ಕಟ್ಟುವುದಿಲ್ಲ. ಬಿಚ್ಚಿ ಬೇರೆಯಾಗಿ ಮಾರಿ. ಅದೇ ಮಾಡೆಲ್ ಇರುವವರು ಕೊಳ್ಳುತ್ತಾರೆ. ಕಂಪನಿಯ ಮೂಲ ಸೈಲೆನ್ಸರ್ ಅಟ್ಟದ ಮೇಲಿದ್ದರೆ ಇಳಿಸಿ ಹಾಕಿಸಿ. ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸುವ ನಮ್ಮ ಪೊಲೀಸರ ಫೋಟೊ ನೋಡಿದ ಯಾವ ಗಿರಾಕಿಯೂ ಅಂಥದ್ದಕ್ಕೆ ದುಡ್ಡು ಕೊಡಲಾರ.

ಕಾಗದಪತ್ರದ ವಿಷಯದಲ್ಲಿ ಮಾತ್ರ ಉಡಾಫೆ ಬೇಡ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ಆರ್‌ಸಿಯಿಂದ ಆ ನಮೂದು ತೆಗೆಸಬೇಕು. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಸಹಿ ಹಾಕಿ ಖಾಲಿ ಫಾರ್ಮ್ ಕೊಟ್ಟು, ಉಳಿದದ್ದು ಬ್ರೋಕರ್ ನೋಡಿಕೊಳ್ಳುತ್ತಾನೆ ಎಂದು ಮನೆಗೆ ಬರುವುದು ನಮ್ಮಲ್ಲಿ ವಾಡಿಕೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೊಂದು ಇಂಥವರು ಓದಬೇಕಾದದ್ದು. ಅಲ್ಲಿ ವಾಹನ ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು. ಆರ್‌ಸಿಯಲ್ಲಿ ಮಾತ್ರ ಮೊದಲ ಮಾಲೀಕನ ಹೆಸರೇ ಉಳಿದಿತ್ತು. ಅಪಘಾತದ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಎಂದು ನ್ಯಾಯಾಲಯ ಹೇಳಿತು. ವ್ಯಾಪಾರಿಗಳಿಗೆ ಕೊಡುವವರ ಅನುಕೂಲಕ್ಕಾಗಿ 2023ರ ಏಪ್ರಿಲ್ 1ರಿಂದ ಹೊಸ ನಿಯಮ ಬಂದಿದೆ. ಆರ್‌ಟಿಒದಿಂದ ಅಧಿಕಾರಪತ್ರ ಪಡೆದ ವ್ಯಾಪಾರಿಗೆ ಗಾಡಿ ಒಪ್ಪಿಸಿ, ಫಾರ್ಮ್ 29ಸಿಯಲ್ಲಿ ಅದನ್ನು ಪೋರ್ಟಲ್‌ನಲ್ಲಿ ದಾಖಲಿಸಿದರೆ, ಮುಂದಿನ ಗಿರಾಕಿ ಸಿಗುವವರೆಗೆ ಆ ವ್ಯಾಪಾರಿಯೇ ಮಾಲೀಕ ಎಂದು ಪರಿಗಣಿಸುತ್ತಾರೆ. ಎಕ್ಸ್‌ಚೇಂಜಿಗೆ ಕೊಡುವಾಗ, “ನಿಮಗೆ ಆ ಅಧಿಕಾರಪತ್ರ ಇದೆಯೇ, 29ಸಿ ಮಾಡಿಕೊಡ್ತೀರಾ” ಎಂದು ಕೇಳಿ. ಮುಖ ಮುಖ ನೋಡಿಕೊಂಡರೆ ಬೇರೆ ಅಂಗಡಿ ನೋಡಿ.

ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ನಿಮ್ಮದು. ಕ್ಲೇಮ್ ಇಲ್ಲದೆ ಕಳೆದ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45 ಎಂದು ಏರಿ ಐದನೇ ವರ್ಷಕ್ಕೆ 50ಕ್ಕೆ ನಿಲ್ಲುತ್ತದೆ. ಹಳೆಯ ಬೈಕು ಮಾರಿದ ಮೇಲೆ ವಿಮಾ ಕಂಪನಿಗೆ ಬರೆದು ಕೇಳಿದರೆ ಅದಕ್ಕೊಂದು ಪತ್ರ ಕೊಡುತ್ತಾರೆ. ಆ ಪತ್ರಕ್ಕೆ ಮೂರು ವರ್ಷ ಆಯಸ್ಸು. ಅದನ್ನು ತೋರಿಸಿದರೆ ಹೊಸ ಬೈಕಿನ ಸ್ವಂತ ಹಾನಿಯ ಭಾಗದ ಪ್ರೀಮಿಯಮ್ ಅಷ್ಟು ಇಳಿಯಬೇಕು. ಥರ್ಡ್ ಪಾರ್ಟಿ ಭಾಗಕ್ಕೆ ಇದು ಅನ್ವಯಿಸುವುದಿಲ್ಲ. ಹೊಸ ಬೈಕಿಗೆ ಪಾಲಿಸಿಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನೂ ಇಲ್ಲ. ಡೆಲಿವರಿಗೆ ಎರಡು ದಿನ ಮೊದಲೇ ಈ ಪತ್ರ ಕೈಯಲ್ಲಿಟ್ಟುಕೊಂಡು ಹೊರಗಡೆ ಒಂದೆರಡು ಕಡೆ ದರ ವಿಚಾರಿಸಿಕೊಂಡು ಹೋದರೆ, ಶೋರೂಮಿನವರ ದರವೂ ನಿಂತ ನಿಲುವಿನಲ್ಲೇ ಇಳಿಯುವುದುಂಟು.